ಕಾರ್ ಕೀಯ ಸೆಲ್ ಬದಲಿಸುವ ಮುನ್ನ: ಯಾವ ಸೆಲ್, ಯಾರ ಕೈಯಿಂದ, ಯಾವಾಗ

ಮೊದಲೆಲ್ಲ ದೂರದಿಂದಲೇ ಓಗೊಡುತ್ತಿದ್ದ ಕಾರು ಈಗ ಬಾಗಿಲ ಹತ್ತಿರ ನಿಂತು ಒತ್ತಿದರೂ ಎರಡನೆಯ, ಮೂರನೆಯ ಸಲಕ್ಕೆ ಲಾಕ್ ತೆರೆಯುತ್ತಿದೆ ಎಂದರೆ, ಬಹುಮಟ್ಟಿಗೆ ಕೀಯೊಳಗಿನ ಸೆಲ್ ಸೋಲುತ್ತಿದೆ. ಅಲ್ಲಿಂದ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ನಾನೇ ಹಾಕಲೇ, ಸರ್ವಿಸ್ ಸೆಂಟರ್‌ಗೆ ಕೊಡಲೇ? ಒಳಗೆ 2032 ಎಂದಿದೆ, ಸಿಕ್ಕಿದ್ದು 2025, ನಡೆಯುತ್ತದೆಯೇ? ಸೆಲ್ ತೆಗೆದರೆ ಕೀ ತನ್ನ ಕಾರನ್ನು ಮರೆತುಬಿಡುತ್ತದೆಯೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಕೀಗಳಲ್ಲಿ ಇದು ಮನೆಯ ಮೇಜಿನ ಮೇಲೆ ಐದು ನಿಮಿಷದಲ್ಲಿ ಮುಗಿಯುವ ಕೆಲಸ. ಜನ ಹೆದರುವುದು ಕೀ ಬಿಚ್ಚುವುದಕ್ಕೆ. ನಿಜವಾಗಿ ಎಡವುವುದು ಸೆಲ್ ಆರಿಸುವಲ್ಲಿ. ಹಾಗಾಗಿ ಈ ಬರಹದಲ್ಲಿ ಆರಿಸುವ ಮಾತೇ ಹೆಚ್ಚು. ಗೊಂದಲ ಬೇಡವೆಂದು ಕೀಯೊಳಗಿನದನ್ನು ಸೆಲ್ ಎಂದೂ ಬಾನೆಟ್ ಕೆಳಗಿನದನ್ನು ಬ್ಯಾಟರಿ ಎಂದೂ ಕರೆಯುತ್ತೇನೆ.

ಮೊದಲು, ತೊಂದರೆ ಸೆಲ್‌ನದ್ದೇನಾ?

ಹೊಸ ಸೆಲ್ ತರುವ ಮೊದಲು ಎತ್ತಿಟ್ಟಿರುವ ಎರಡನೆಯ ಕೀ ತಂದು ಒತ್ತಿ ನೋಡಿ. ಅದು ದೂರದಿಂದಲೂ ಸರಿಯಾಗಿ ಕೆಲಸ ಮಾಡಿದರೆ ದೋಷ ಮೊದಲ ಕೀಯಲ್ಲೇ ಇದೆ. ಎರಡೂ ಕೀಗಳು ಒಂದೇ ದಿನ ಕೈಕೊಟ್ಟರೆ ಸೆಲ್ ಬಿಟ್ಟು ಬೇರೆ ಕಡೆ ಹುಡುಕಬೇಕು. ಕಾರಿನ 12 ವೋಲ್ಟ್ ಬ್ಯಾಟರಿ ಇಳಿದಿರಬಹುದು, ಕಾರಿನೊಳಗಿನ ರಿಸೀವರ್‌ನಲ್ಲಿ ತೊಂದರೆ ಇರಬಹುದು. ನಿಲ್ಲಿಸಿದ ಜಾಗದಲ್ಲೇ ಬಲವಾದ ರೇಡಿಯೋ ಅಲೆಗಳ ಗದ್ದಲ ಇದ್ದರೂ ಹೀಗಾಗುತ್ತದೆ. ಕಾರನ್ನು ಬೇರೆ ಕಡೆ ಒಯ್ದ ಕೂಡಲೇ ಕೀ ಸರಿಹೋಗುವುದೇ ಅದರ ಗುರುತು.

ಕೀ ಕೆಡುವ ರೀತಿಯೂ ಸುಳಿವು ಕೊಡುತ್ತದೆ. ವಾರಗಟ್ಟಲೆ ಸ್ವಲ್ಪಸ್ವಲ್ಪವೇ ದೂರ ಕಡಿಮೆಯಾಗುತ್ತ ಬಂದರೆ ಅದು ಸೆಲ್. ನೆಲಕ್ಕೆ ಬಿದ್ದ ಮರುಗಳಿಗೆಯಲ್ಲಿ ಸತ್ತರೆ ಒಳಗಿನ ಲೋಹದ ಪಟ್ಟಿ ಸರಿದಿದೆ, ಇಲ್ಲವೇ ಬೆಸುಗೆ ಬಿಟ್ಟಿದೆ. ಲಾಕ್ ಬಟನ್ ಸರಿಯಿದ್ದು ಅನ್‌ಲಾಕ್ ಮಾತ್ರ ಕೆಲಸ ಮಾಡದಿದ್ದರೆ ಆ ಬಟನ್ ಸವೆದಿದೆ, ಎಷ್ಟು ಸೆಲ್ ಹಾಕಿದರೂ ಫಲವಿಲ್ಲ. ನೀರಿಗೆ ಬಿದ್ದು ಒಂದೆರಡು ದಿನ ನಡೆದು ನಿಂತ ಕೀಯಲ್ಲಿ ಹಸಿರು ಕಿಲುಬು ಹುಡುಕಿ.

ಮಲ್ಟಿಮೀಟರ್ ಇರುವವರು ಸೆಲ್ ತೆಗೆದು ಅಳೆಯಬಹುದು. ಹೊಸ ಲಿಥಿಯಂ ಸೆಲ್ 3.2 ವೋಲ್ಟ್ ಆಸುಪಾಸು ತೋರಿಸುತ್ತದೆ. 2.8ರ ಹತ್ತಿರ ಬಂದಿದ್ದರೆ ಇನ್ನು ಯೋಚಿಸುವುದೇನೂ ಇಲ್ಲ, ಬದಲಿಸಿ. ಆದರೆ 3.0 ತೋರಿಸಿತು ಎಂಬ ಒಂದೇ ಕಾರಣಕ್ಕೆ ಸೆಲ್ ಸರಿಯಿದೆ ಎಂದು ನಂಬಬೇಡಿ. ಈ ಸೆಲ್‌ಗಳ ವೋಲ್ಟೇಜ್ ಬಹುಕಾಲ ಒಂದೇ ಮಟ್ಟದಲ್ಲಿದ್ದು ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಜೊತೆಗೆ ಸೆಲ್ ಹಳತಾದಂತೆ ಅದರ ಒಳಗಿನ ಪ್ರತಿರೋಧ ಏರುತ್ತದೆ. ಮೀಟರ್ ಎಳೆಯುವುದು ಹೆಸರಿಗಷ್ಟೇ ಕರೆಂಟು. ಬಟನ್ ಒತ್ತಿದಾಗ ಕೀಗೆ ಕ್ಷಣಮಾತ್ರಕ್ಕಾದರೂ ಹಲವು ಮಿಲಿಆಂಪಿಯರ್ ಬೇಕು. ತೊಟ್ಟಿಯಲ್ಲಿ ನೀರಿದ್ದೂ ಕೊಳವೆ ಕಟ್ಟಿಕೊಂಡರೆ ನಲ್ಲಿಯಲ್ಲಿ ಸಣ್ಣಗೆ ಹನಿಯುವುದಿಲ್ಲವೇ, ಹಾಗೆ. ಚಳಿಯಲ್ಲಿ ಈ ಪ್ರತಿರೋಧ ಇನ್ನೂ ಹೆಚ್ಚುತ್ತದೆ. ಮುಂಜಾನೆ ಸತಾಯಿಸಿದ ಕೀ ಮಧ್ಯಾಹ್ನ ಸರಿಯಾಗಿ ನಡೆಯುವುದು ಇದರಿಂದಲೇ. ಅದು ರಿಪೇರಿಯಾಗಿದೆ ಎಂದುಕೊಂಡು ಸುಮ್ಮನಾಗಬೇಡಿ.

ಸೆಲ್ ಪೂರ್ತಿ ಸತ್ತರೂ ನೀವು ದಾರಿಯಲ್ಲಿ ಸಿಕ್ಕಿಬೀಳುವುದಿಲ್ಲ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ನಿಧಾನವಾಗಿ ಆರಿಸಬಹುದು. ಕೀಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬಾಗಿಲು ತೆರೆಯುವ ರಿಮೋಟ್‌ಗೆ ಸೆಲ್ ಬೇಕು. ಎಂಜಿನ್ ಚಾಲೂ ಮಾಡಲು ಅನುಮತಿ ಕೊಡುವ ಇಮೊಬಿಲೈಸರ್ ಚಿಪ್‌ಗೆ ಬೇಡ. ಇಗ್ನಿಷನ್ ಸುತ್ತ ಅಥವಾ ಸ್ಟಾರ್ಟ್ ಬಟನ್ ಹಿಂದೆ ಇರುವ ಸುರುಳಿಯ ಕಾಂತಕ್ಷೇತ್ರದಿಂದಲೇ ಅದು ತನಗೆ ಬೇಕಾದಷ್ಟು ಶಕ್ತಿ ಪಡೆಯುತ್ತದೆ. ಸ್ಮಾರ್ಟ್ ಕೀಯ, ಅಂದರೆ ಜೇಬಿನಲ್ಲಿದ್ದರೇ ಬಾಗಿಲು ತೆರೆಯುವ ಕೀಯ, ಹೊಟ್ಟೆಯೊಳಗೆ ಒಂದು ಲೋಹದ ಕೀ ಅಡಗಿರುತ್ತದೆ, ಸಣ್ಣ ಲಾಚ್ ಸರಿಸಿದರೆ ಈಚೆ ಬರುತ್ತದೆ. ಚಾಲಕನ ಬಾಗಿಲ ಹಿಡಿಯಲ್ಲಿ, ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಮರೆಯಲ್ಲಿ, ಅದಕ್ಕೆ ರಂಧ್ರವಿದೆ. ಹೀಗೆ ತೆರೆದಾಗ ಅಲಾರಂ ಕೂಗಿದರೆ ಗಾಬರಿ ಬೇಡ, ಕಾರು ಚಾಲೂ ಆದ ಮೇಲೆ ನಿಲ್ಲುತ್ತದೆ. ಟೊಯೋಟಾದ ಸ್ಮಾರ್ಟ್ ಕೀ ಕಾರುಗಳಲ್ಲಿ ಬ್ರೇಕ್ ಒತ್ತಿ, ಕೀಯ ಲಾಂಛನವಿರುವ ಬದಿಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಬೇಕು. ಬೇರೆ ಕಂಪನಿಗಳಲ್ಲಿ ಆ ಜಾಗ ಸ್ಟೀರಿಂಗ್ ಕಾಲಂ ಮೇಲೋ ನಡುವಿನ ಕನ್ಸೋಲ್‌ನ ಗೂಡಿನಲ್ಲೋ ಇರುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಕೈಪಿಡಿ ತೆರೆದು ಇವತ್ತೇ ನೋಡಿಟ್ಟುಕೊಳ್ಳಿ. ರಾತ್ರಿ ಹೊತ್ತು ಮಳೆಯಲ್ಲಿ ನಿಂತು ಹುಡುಕುವ ವಿಷಯವಲ್ಲ ಅದು.

ಸಂಖ್ಯೆಯನ್ನು ಓದುವುದು

ಸೆಲ್ ಮೇಲಿನ ಬರಹ ಬ್ರ್ಯಾಂಡ್ ಹೆಸರಲ್ಲ, ಅಳತೆ. ಸಿಆರ್ 2032 ಎಂದರೆ ಸಿ ಅಕ್ಷರ ಲಿಥಿಯಂ-ಮ್ಯಾಂಗನೀಸ್ ಡೈಆಕ್ಸೈಡ್ ರಸಾಯನಕ್ಕೆ, ಆರ್ ಅಕ್ಷರ ದುಂಡಗಿನ ಆಕಾರಕ್ಕೆ. ಮೊದಲ ಎರಡು ಅಂಕಿ ಅಡ್ಡಗಲ, 20 ಮಿಲಿಮೀಟರ್. ಕೊನೆಯ ಎರಡು ದಪ್ಪ, 3.2 ಮಿಲಿಮೀಟರ್. ಇದನ್ನು ಒಮ್ಮೆ ತಿಳಿದುಕೊಂಡರೆ ಮುಂದೆಂದೂ ಅಂಗಡಿಯವರ ಮಾತಿಗೆ ಕಾಯಬೇಕಿಲ್ಲ.

2025ರ ಅಗಲವೂ 20 ಮಿಲಿಮೀಟರ್, ದಪ್ಪ 2.5. 2016ರದ್ದೂ ಅದೇ ಅಗಲ, ದಪ್ಪ 1.6. ಮೂರೂ 3 ವೋಲ್ಟ್. ಕಣ್ಣಿಗೆ ಒಂದೇ ತರಹ, ಅದಕ್ಕೇ ಅದಲುಬದಲು ಆಗುವುದು. ವ್ಯತ್ಯಾಸ ಎರಡು ಕಡೆ ಬೀಳುತ್ತದೆ. ಒಂದು, ತುಂಬಿಟ್ಟ ಶಕ್ತಿ: 2032ರಲ್ಲಿ ಸುಮಾರು 220 ಮಿಲಿಆಂಪಿಯರ್ ಗಂಟೆ, 2025ರಲ್ಲಿ 160ರ ಆಸುಪಾಸು, 2016ರಲ್ಲಿ 90ರ ಆಸುಪಾಸು. ಇನ್ನೊಂದು, ಹಿಡಿತ. 2032ರ ಜಾಗಕ್ಕೆ 2025 ಹಾಕಿದರೆ ವೋಲ್ಟೇಜ್ ಸರಿಯಿರುವುದರಿಂದ ಕೀ ನಡೆಯುತ್ತದೆ. ಆದರೆ 0.7 ಮಿಲಿಮೀಟರ್ ಸಡಿಲ ಉಳಿಯುತ್ತದೆ, ಕೀ ಅಲುಗಿದಾಗ ಸಂಪರ್ಕ ತಪ್ಪುತ್ತದೆ. ಪರಊರಿನಲ್ಲಿ ಬೇರೆ ಏನೂ ಸಿಗದಿದ್ದರೆ ಒಂದು ದಿನದ ಮಟ್ಟಿಗೆ ಒಪ್ಪುತ್ತೇನೆ. ಸಡಿಲ ತುಂಬಲು ಬೆಳ್ಳಿಕಾಗದ ಮಡಿಚಿ ತುರುಕುವ ಉಪಾಯವನ್ನು ಮಾತ್ರ ಒಪ್ಪುವುದಿಲ್ಲ. ಆ ಕಾಗದ ಸ್ವಲ್ಪ ಸರಿದರೆ ಸೆಲ್‌ನ ಎರಡೂ ತುದಿಗಳನ್ನು ಸೇರಿಸಿ ಶಾರ್ಟ್ ಮಾಡುತ್ತದೆ. ಉಲ್ಟಾ, 2025ರ ಜಾಗಕ್ಕೆ ದಪ್ಪನೆಯ 2032 ಒತ್ತಿ ಕೂರಿಸುವುದು ಇನ್ನೂ ಕೆಟ್ಟದ್ದು. ಲೋಹದ ಪಟ್ಟಿ ಬಾಗಿಬಿಟ್ಟರೆ ಆಮೇಲೆ ಸರಿಯಾದ ಸೆಲ್ ಹಾಕಿದರೂ ಅದು ತಾಗುವುದಿಲ್ಲ.

ಎಲ್ಲಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. 2016ರ ಎರಡು ಸೆಲ್ ಒಂದರ ಮೇಲೊಂದು ಇಟ್ಟರೆ ದಪ್ಪ ಸರಿಯಾಗಿ 3.2 ಮಿಲಿಮೀಟರ್ ಆಗುತ್ತದೆ, 2032ರಷ್ಟೇ. ಗೂಡಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಕೂತಿತಲ್ಲ, ಸರಿಯಾಯಿತು ಎನಿಸುತ್ತದೆ. ಆದರೆ ಹೀಗೆ ಜೋಡಿಸಿದಾಗ ವೋಲ್ಟೇಜ್ ಕೂಡಿ 6 ಆಗುತ್ತದೆ, 3 ವೋಲ್ಟ್‌ಗೆಂದು ಮಾಡಿದ ಸರ್ಕ್ಯೂಟ್ ಸುಟ್ಟುಹೋಗಬಹುದು. ಸಾವಿರ ಕಾರಣ ಹೇಳಿ ಇದನ್ನು ಯಾರಾದರೂ ಸೂಚಿಸಿದರೂ ಬೇಡವೇ ಬೇಡ. ಕಾರ್ಖಾನೆಯಿಂದಲೇ ಎರಡು ಸೆಲ್ ಇಟ್ಟು ಬರುವ ಕೀಗಳೂ ಇವೆ, ಮರ್ಸಿಡಿಸ್ ಬೆಂಜ್‌ನ ಕೆಲವು ಹಳೆಯ ಕೀಗಳಲ್ಲಿ 2025ರ ಜೋಡಿ ಇರುತ್ತದೆ. ಅಂಥಲ್ಲಿ ಎರಡನ್ನೂ ಒಟ್ಟಿಗೇ, ಒಂದೇ ಪ್ಯಾಕ್‌ನಿಂದ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದು ಹಾಕಿದರೆ ಸೋತ ಸೆಲ್ ಹೊಸದನ್ನೂ ಎಳೆದು ಕೆಡಿಸುತ್ತದೆ.

ಉಳಿದಂತೆ 1620, 1632, 2430, 2450 ಕಾಣಸಿಗುತ್ತವೆ. 2450 ಈ ಬಳಗದಲ್ಲೇ ದೊಡ್ಡದು, 5 ಮಿಲಿಮೀಟರ್ ದಪ್ಪ, ಸುಮಾರು 600 ಮಿಲಿಆಂಪಿಯರ್ ಗಂಟೆ. ಹೆಚ್ಚು ಬಾಳಿಕೆ ಬರಲಿ ಎಂದು ದೊಡ್ಡದನ್ನು ಆರಿಸುವ ಸ್ವಾತಂತ್ರ್ಯ ಇಲ್ಲಿಲ್ಲ. ಗೂಡು ಯಾವುದಕ್ಕೋ ಅದೇ ಸೆಲ್. ಸಂಖ್ಯೆ ಕೈಪಿಡಿಯಲ್ಲಿದೆ, ಸಾಮಾನ್ಯವಾಗಿ ಮುಚ್ಚಳದ ಒಳಮೈಯಲ್ಲೂ ಇರುತ್ತದೆ. ಹಿಂದೆ ಯಾರೋ ತಪ್ಪು ಸೆಲ್ ಹಾಕಿರಬಹುದಾದ್ದರಿಂದ ಹಳೆಯ ಸೆಲ್ ಮೇಲಿನ ಸಂಖ್ಯೆಯೊಂದನ್ನೇ ನಂಬುವುದು ಬೇಡ.

ಸಿಆರ್, ಬಿಆರ್, ಚಾರ್ಜ್ ಆಗುವಂಥದ್ದು

ಅಂಕಿ ಒಂದೇ ಇದ್ದು ಅಕ್ಷರ ಬೇರೆಯಾದರೆ ಅದು ಬೇರೆಯೇ ಸೆಲ್. ಬಿಆರ್ 2032ರಲ್ಲಿ ಇರುವುದು ಲಿಥಿಯಂ ಜೊತೆ ಕಾರ್ಬನ್ ಮೊನೋಫ್ಲೋರೈಡ್. ಹೆಚ್ಚು ಬಿಸಿಯನ್ನು ತಾಳುತ್ತದೆ, ಸಣ್ಣ ಕರೆಂಟನ್ನು ವರ್ಷಗಟ್ಟಲೆ ಒಂದೇ ಸಮ ಕೊಡುತ್ತದೆ. ಆದರೆ ಒಮ್ಮೆಲೇ ಜೋರಾಗಿ ಕೊಡು ಎಂದರೆ ಸಿಆರ್‌ನಷ್ಟು ಸಮರ್ಥವಲ್ಲ. ಕಾರ್ ಕೀ ಕೇಳುವುದೇ ಒಮ್ಮೆಲೇ ಜೋರಾಗಿ. ಹಾಗಾಗಿ ಕೀಗೆ ಸಿಆರ್ ಸರಿ.

ಎಲ್‌ಐಆರ್ 2032 ಎಂಬುದು ಚಾರ್ಜ್ ಮಾಡಬಹುದಾದ ಸೆಲ್. ಮತ್ತೆ ಮತ್ತೆ ಕೊಳ್ಳುವುದು ತಪ್ಪುತ್ತದೆ, ಕಸವೂ ಕಡಿಮೆ ಎಂಬ ಒಳ್ಳೆಯ ಯೋಚನೆಯಿಂದಲೇ ಜನ ಇದರತ್ತ ನೋಡುತ್ತಾರೆ. ಆದರೆ ಲೆಕ್ಕ ಕೂಡಿಬರುವುದಿಲ್ಲ. ಪೂರ್ತಿ ಚಾರ್ಜ್ ಆದಾಗ ಅದರ ವೋಲ್ಟೇಜ್ 4.2, ಕೀ ನಿರೀಕ್ಷಿಸುವುದು 3. ತುಂಬುವ ಶಕ್ತಿ 45 ಮಿಲಿಆಂಪಿಯರ್ ಗಂಟೆಯ ಆಸುಪಾಸು, ಸಾಮಾನ್ಯ 2032ರ ಐದನೆಯ ಒಂದು ಭಾಗ. ಇಟ್ಟಲ್ಲೇ ಇಳಿಯುವುದೂ ಬೇಗ. ಕೀಯನ್ನು ಪದೇ ಪದೇ ಬಿಚ್ಚಿ ಚಾರ್ಜ್ ಮಾಡುವಷ್ಟರಲ್ಲಿ ಕವಚದ ಕೊಂಡಿಗಳೇ ಸವೆಯುತ್ತವೆ. ಉಲ್ಟಾ ಎಚ್ಚರವೂ ಬೇಕು: ಸಿಆರ್ ಸೆಲ್ಲನ್ನು ಚಾರ್ಜರ್‌ಗೆ ಹಾಕಲೇಬಾರದು, ಉಬ್ಬಿ ಸಿಡಿಯುವ ಅಪಾಯವಿದೆ.

ತಯಾರಕರೇ ಚಾರ್ಜ್ ಆಗುವ ಸೆಲ್ ಇಟ್ಟಿದ್ದರೆ ಮಾತು ಬೇರೆ. ಬಿಎಂಡಬ್ಲ್ಯುವಿನ ಇ46 ಎಂಬ ಹಳೆಯ 3 ಸರಣಿಯ ಕಾರಿನ ಕಾಲದ ಕೀಗಳಲ್ಲಿ ವಿಎಲ್ 2020 ಎಂಬ ಸೆಲ್ ಇದೆ. ಕೀ ಇಗ್ನಿಷನ್‌ನಲ್ಲಿರುವಾಗ ಕಾರೇ ಅದನ್ನು ಚಾರ್ಜ್ ಮಾಡುತ್ತದೆ. ಅದು ಬೋರ್ಡ್‌ಗೆ ಬೆಸುಗೆಯಾಗಿದೆ, ಕವಚ ಅಂಟು ಹಾಕಿ ಮುಚ್ಚಿದ್ದು. ಅಲ್ಲಿ ಸಿಆರ್ ಸೆಲ್ ಹಾಕಿದರೆ ಚಾರ್ಜ್ ಆಗಬಾರದ ಸೆಲ್‌ಗೆ ಕಾರು ಚಾರ್ಜ್ ಕಳಿಸುತ್ತದೆ.

ಇನ್ನು ಕಹಿ ಲೇಪನದ ಸೆಲ್‌ಗಳು. ಮಗು ಬಾಯಿಗೆ ಹಾಕಿಕೊಂಡ ಕೂಡಲೇ ಉಗಿಯಲಿ ಎಂದು ಕೆಲವು ಕಂಪನಿಗಳು ಸೆಲ್ ಮೇಲೆ ಡೆನಟೋನಿಯಂ ಬೆಂಜೋಯೇಟ್ ಎಂಬ ತೀರಾ ಕಹಿಯಾದ ವಸ್ತು ಸವರುತ್ತವೆ. ಒಳ್ಳೆಯ ಕೆಲಸ. ಆದರೆ ಆ ಲೇಪನ ಸರಿಯಾಗಿ ಲೋಹದ ಪಟ್ಟಿ ತಾಗುವ ಕಡೆಯೇ ಬಂದರೆ ಕರೆಂಟು ಹರಿಯುವುದಕ್ಕೆ ಅಡ್ಡಿಯಾಗುತ್ತದೆ. ಕಳೆದ ವಸ್ತು ಹುಡುಕಲು ನೆರವಾಗುವ ತನ್ನ ಏರ್‌ಟ್ಯಾಗ್ ಬಿಲ್ಲೆಯಲ್ಲಿ ಇಂಥ ಸೆಲ್ ಕೆಲಸ ಮಾಡದೆ ಇರಬಹುದು ಎಂದು ಆಪಲ್ ಹೇಳಿದೆ. ಹೊಸ ಸೆಲ್ ಹಾಕಿದ ಕೂಡಲೇ ಕೀ ನಡೆಯದಿದ್ದರೆ ಇದನ್ನೂ ನೆನಪಿಡಿ. ಸೆಲ್ಲನ್ನು ಗೂಡಿನಲ್ಲೇ ಸ್ವಲ್ಪ ತಿರುಗಿಸಿ ನೋಡಿ. ಮಕ್ಕಳಿರುವ ಮನೆಗೆ ನಾನು ಈ ಲೇಪನದ ಸೆಲ್ಲನ್ನೇ ಸೂಚಿಸುತ್ತೇನೆ. ಒಮ್ಮೆ ತಿರುಗಿಸಿ ಕೂರಿಸುವ ಶ್ರಮ ಅದಕ್ಕೆ ಸಲ್ಲುತ್ತದೆ.

ಬ್ರ್ಯಾಂಡ್‌ಗಿಂತ ತಾಜಾತನ ಮುಖ್ಯ. ಒಳ್ಳೆಯ ಲಿಥಿಯಂ ಸೆಲ್ ವರ್ಷಕ್ಕೆ ಕಳೆದುಕೊಳ್ಳುವುದು ನೂರಕ್ಕೆ ಒಂದರಷ್ಟು, ಆದ್ದರಿಂದ ಹತ್ತು ವರ್ಷದ ಅವಧಿ ಬರೆದಿರುತ್ತಾರೆ. ಒಂದೊಂದೂ ಪ್ರತ್ಯೇಕವಾಗಿ ಪ್ಲಾಸ್ಟಿಕ್ ಗುಳ್ಳೆಯಲ್ಲಿದ್ದು, ದಿನಾಂಕ ಮುದ್ರಿತವಾಗಿರುವ ಪ್ಯಾಕ್ ಕೊಳ್ಳಿ. ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದಿರುವ ಬಿಡಿ ಸೆಲ್‌ಗಳು ಒಂದನ್ನೊಂದು ತಾಗುತ್ತ ಅಲ್ಲೇ ಇಳಿದಿರುತ್ತವೆ.

ನೀವೇ, ಅಂಗಡಿಯವರೇ, ಸರ್ವಿಸ್ ಸೆಂಟರೇ?

ಒಂದು ಹುಸಿ ಭಯವನ್ನು ಮೊದಲು ಬಿಡಿಸಬೇಕು. ಸೆಲ್ ತೆಗೆದರೆ ಪ್ರೋಗ್ರಾಂ ಅಳಿಸಿಹೋಗಿ ಸರ್ವಿಸ್ ಸೆಂಟರ್‌ಗೆ ಹೋಗಲೇಬೇಕಾಗುತ್ತದೆ ಎಂಬ ಮಾತು ಬಹುಪಾಲು ಕೀಗಳ ಮಟ್ಟಿಗೆ ನಿಜವಲ್ಲ. ಕೀ ಪ್ರತಿ ಸಲ ಒತ್ತಿದಾಗಲೂ ಹೊಸ ಕೋಡ್ ಕಳಿಸುತ್ತದೆ, ಎಷ್ಟನೆಯದು ಎಂಬ ಎಣಿಕೆ ಕರೆಂಟಿಲ್ಲದೆಯೂ ಉಳಿಯುವ ಮೆಮೊರಿಯಲ್ಲಿದೆ. ಕೆಲವು ಹಳೆಯ ಕಾರುಗಳಲ್ಲಿ ಸೆಲ್ ಬದಲಿಸಿದ ಮೇಲೆ ಕೀಯನ್ನೂ ಕಾರನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಅದೂ ಕೀ ತಿರುಗಿಸಿ ಬಟನ್ ಒತ್ತಿ ಹಿಡಿಯುವಂಥ ಸಣ್ಣ ಕ್ರಮ, ಕೈಪಿಡಿಯಲ್ಲಿ ಬರೆದಿರುತ್ತದೆ.

ಹಾಗಾಗಿ ಮುಚ್ಚಳ ತೆರೆಯುವ ಕೀ ಆದರೆ ನೀವೇ ಮಾಡಿ ಎನ್ನುವುದು ನನ್ನ ಮಾತು. ಏನು ಹಾಕಿದಿರಿ ಎಂದು ನಿಮಗೆ ಖಚಿತವಾಗಿ ಗೊತ್ತಿರುತ್ತದೆ, ಅದೇ ದೊಡ್ಡ ಲಾಭ. ಕೈ ನಡುಗುವವರು, ಕಣ್ಣು ಮಂಜಾಗಿರುವವರು ವಾಚ್ ರಿಪೇರಿ ಮಾಡುವವರಲ್ಲಿಗೋ ಡೂಪ್ಲಿಕೇಟ್ ಕೀ ಮಾಡುವವರಲ್ಲಿಗೋ ಕೊಂಡೊಯ್ಯಬಹುದು. ಸಣ್ಣ ವಸ್ತು ಬಿಚ್ಚುವ ಅಭ್ಯಾಸ ಅವರಿಗಿದೆ, ಸೂಕ್ತ ಸಲಕರಣೆಯೂ ಇದೆ. ಆದರೆ ಎದುರಿಗೇ ನಿಂತು ಮಾಡಿಸಿ, ಹಾಕುವ ಸೆಲ್‌ನ ಪ್ಯಾಕ್ ಒಡೆಯುವುದನ್ನು ನೋಡಿ. ನಾನೊಮ್ಮೆ ಕೀ ಕೊಟ್ಟು ಬೇರೆ ಕೆಲಸಕ್ಕೆ ಹೋಗಿ ಬಂದೆ. ಸೆಲ್ ಹೊಸದೇ ಹಾಕಿದ್ದರು, ಆದರೆ ಅಂಚಿನ ರಬ್ಬರ್ ಪಟ್ಟಿ ತೋಡಿನಲ್ಲಿ ಕೂರದೆ ಮಡಿಚಿಕೊಂಡಿತ್ತು. ಅದು ಗೊತ್ತಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ, ಒಳಗೆ ಕಿಲುಬು ಹಿಡಿದ ಮೇಲೆ. ಅಂದಿನಿಂದ ಯಾರೇ ಮುಚ್ಚಿದರೂ ಸಂದಿಯ ಸುತ್ತ ಉಗುರಾಡಿಸಿ ನೋಡುತ್ತೇನೆ.

ಸರ್ವಿಸ್ ಸೆಂಟರ್ ಯಾವಾಗ ಸರಿ? ಕಾರನ್ನು ಹೇಗೂ ಸರ್ವಿಸ್‌ಗೆ ಬಿಡುವ ದಿನ ಹತ್ತಿರವಿದ್ದರೆ, ಬರೆದ ಚೀಟಿಯಲ್ಲಿ ಇದನ್ನೂ ಸೇರಿಸಿ, ಪ್ರತ್ಯೇಕ ಓಡಾಟ ಬೇಡ. ಕಾರು ವಾರಂಟಿಯಲ್ಲಿದ್ದು ಹೊಸ ಸೆಲ್ ಹಾಕಿದರೂ ಕೀ ಕೆಲಸ ಮಾಡದಿದ್ದರೆ ಬೇರೆ ಯಾರೂ ಬಿಚ್ಚುವ ಮೊದಲೇ ಅಲ್ಲಿಗೆ ಹೋಗಿ. ಸೆಲ್ ಹಾಕಿ ಒಂದೆರಡು ತಿಂಗಳಲ್ಲೇ ಮತ್ತೆ ಇಳಿದರೂ ಅಲ್ಲಿಗೇ. ಬೋರ್ಡ್‌ನಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ ಅಥವಾ ಬಟನ್ ಒಂದು ಒತ್ತಿಕೊಂಡೇ ಉಳಿದಿದೆ. ಬೆಸುಗೆಯ ಸೆಲ್ ಇರುವ ಕೀಗೆ ಮಾತ್ರ ಇವರಿಗಿಂತ, ಬೆಸುಗೆ ಕೆಲಸ ಚೆನ್ನಾಗಿ ಬಲ್ಲ ಎಲೆಕ್ಟ್ರಾನಿಕ್ಸ್ ರಿಪೇರಿಯವರು ಮೇಲು. ಸರ್ವಿಸ್ ಸೆಂಟರ್‌ನಲ್ಲಿ ಸಾಮಾನ್ಯವಾಗಿ ಬೋರ್ಡ್ ರಿಪೇರಿ ಮಾಡುವುದಿಲ್ಲ, ಕೀಯನ್ನೇ ಬದಲಿಸುತ್ತಾರೆ.

ಬಿಚ್ಚಲು ಏನು ಬಳಸುವುದು

ಲೋಹದ ಕೀ ಹೊರತೆಗೆದ ಮೇಲೆ ಆ ಜಾಗದಲ್ಲೇ ಅಥವಾ ಅಂಚಿನಲ್ಲಿ ಒಂದು ಸೀಳು ಕಾಣುತ್ತದೆ. ಸ್ಕ್ರೂಡ್ರೈವರ್ ಸುಲಭವಾಗಿ ಸಿಗುವ ಸಾಧನ, ಅತಿ ಹೆಚ್ಚು ಗೀರು ಬೀಳಿಸುವ ಸಾಧನವೂ ಅದೇ. ತುದಿಗೆ ಬಟ್ಟೆ ಸುತ್ತಿ ಬಳಸಿ. ಸೀಳು ಅಗಲವಿದ್ದರೆ ನಾಣ್ಯ ಉತ್ತಮ: ಆಳಕ್ಕೆ ಇಳಿಯುವುದಿಲ್ಲ, ತಿರುಗಿಸಿದರೆ ಒತ್ತಡ ಸಮನಾಗಿ ಬೀಳುತ್ತದೆ. ನನ್ನ ಮೆಚ್ಚಿನದು ಮೊಬೈಲ್ ರಿಪೇರಿಯವರು ಬಳಸುವ ಪ್ಲಾಸ್ಟಿಕ್ ಪಟ್ಟಿ. ಜೋರಾಗಿ ಮೀಟುವುದಕ್ಕಿಂತ ಸುತ್ತಲೂ ಒಂದೊಂದೇ ಕೊಂಡಿ ಬಿಡಿಸುತ್ತ ಹೋಗಿ. ಎಲ್ಲೋ ಬಿಗಿ ಎನಿಸಿದರೆ ನಿಲ್ಲಿಸಿ, ಮರೆಯಲ್ಲಿ ಸ್ಕ್ರೂ ಇದೆಯೇ ನೋಡಿ.

ತೆರೆದ ಕೂಡಲೇ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಪ್ಲಸ್ ಗುರುತು ಯಾವ ಕಡೆ ಇತ್ತು ಎಂಬುದು ಕೀಯಿಂದ ಕೀಗೆ ಬೇರೆ. ಕೆಲವದರಲ್ಲಿ ಮೇಲೆ, ಕೆಲವದರಲ್ಲಿ ಕೆಳಗೆ. ಸೆಲ್ಲನ್ನು ಲೋಹದ ಚಿಮ್ಮಟದಿಂದ ಎರಡು ಮುಖ ಸೇರಿಸಿ ಹಿಡಿಯಬೇಡಿ, ಶಾರ್ಟ್ ಆಗುತ್ತದೆ. ಹೊಸ ಸೆಲ್ಲನ್ನು ಅಂಚಿನಿಂದ ಹಿಡಿದು, ಒಣಬಟ್ಟೆಯಲ್ಲಿ ಒರೆಸಿ ಇಡಿ. ಬೆರಳಿನ ಜಿಡ್ಡು, ಬೆವರು ಸಂಪರ್ಕದ ಜಾಗದಲ್ಲಿ ಕೂರುವುದು ಬೇಡ. ಬೋರ್ಡ್ ಮುಟ್ಟುವ ಮೊದಲು ಯಾವುದಾದರೂ ದೊಡ್ಡ ಲೋಹದ ವಸ್ತುವನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ ಕಳೆಯಿರಿ. ಮುಚ್ಚುವ ಮೊದಲು ಒಂದು ಸಲ ಒತ್ತಿ ಪರೀಕ್ಷಿಸಿ, ಆಮೇಲೆ ರಬ್ಬರ್ ಪಟ್ಟಿ ತೋಡಿನಲ್ಲಿ ಕೂತಿದೆಯೇ ನೋಡಿ ಒತ್ತಿ.

ಸೆಲ್ ಮಾತ್ರವೋ, ಕವಚವೋ, ಇಡೀ ಕೀಯೋ

ಕೀ ತೆರೆದಾಗ ಕೊಂಡಿ ಮುರಿದದ್ದೋ ಬಟನ್‌ನ ರಬ್ಬರ್ ಹರಿದದ್ದೋ ಕಂಡರೆ ಬರೀ ಕವಚ ಬದಲಿಸಬಹುದು. ಹಳೆಯ ಬೋರ್ಡನ್ನೇ ಹೊಸ ಕವಚಕ್ಕೆ ಸಾಗಿಸುವುದರಿಂದ ಪ್ರೋಗ್ರಾಂ ಮಾಡಿಸಬೇಕಿಲ್ಲ. ಇಲ್ಲಿ ಒಂದೇ ಒಂದು ಎಚ್ಚರ, ಆದರೆ ದೊಡ್ಡ ಎಚ್ಚರ: ಹಲವು ಕೀಗಳಲ್ಲಿ ಇಮೊಬಿಲೈಸರ್ ಚಿಪ್ ಬೋರ್ಡ್ ಮೇಲಿರದೆ, ಕವಚದ ಮೂಲೆಯಲ್ಲಿ ಕಪ್ಪು ತುಣುಕಾಗಿಯೋ ಸಣ್ಣ ಗಾಜಿನ ಕೊಳವೆಯಾಗಿಯೋ ಪ್ರತ್ಯೇಕವಾಗಿರುತ್ತದೆ. ಪ್ಲಾಸ್ಟಿಕ್ ಚೂರು ಎಂದುಕೊಂಡು ಅದನ್ನು ಹಳೆಯ ಕವಚದ ಜೊತೆ ಎಸೆದರೆ ಬಾಗಿಲು ತೆರೆಯುತ್ತದೆ, ಎಂಜಿನ್ ಚಾಲೂ ಆಗುವುದಿಲ್ಲ. ಹೊಸ ಕೀಯಿಂದ ಕಾರು ಚಾಲೂ ಆಗುವವರೆಗೆ ಹಳೆಯ ಕವಚ ಎಸೆಯಬೇಡಿ.

ಇಡೀ ಕೀ ಬದಲಿಸುವುದು ಕೊನೆಯ ದಾರಿ. ಬೋರ್ಡ್ ಕಿಲುಬು ಹಿಡಿದು ತಿಂದುಹೋಗಿದ್ದರೆ, ಕೀ ಕಳೆದಿದ್ದರೆ ಬೇರೆ ಉಪಾಯವಿಲ್ಲ. ಬಳಸಿದ ಕೀ ತರಿಸಿ ಪ್ರೋಗ್ರಾಂ ಮಾಡಿಸುವ ಯೋಚನೆಯಿದ್ದರೆ ಅದರ ರೇಡಿಯೋ ಅಲೆಯ ಆವರ್ತನ (ಫ್ರೀಕ್ವೆನ್ಸಿ) ನೋಡಿ: ಯುರೋಪ್ ಮತ್ತು ಇತರ ಹಲವು ಕಡೆ 433.92 ಮೆಗಾಹರ್ಟ್ಸ್, ಉತ್ತರ ಅಮೆರಿಕ ಮತ್ತು ಜಪಾನ್‌ನಲ್ಲಿ ಹೆಚ್ಚಾಗಿ 315. ರೂಪ ಒಂದೇ ಇದ್ದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಮೊದಲು ಬೇರೆ ಕಾರಿಗೆ ಜೋಡಿಸಿದ ಕೀಯನ್ನು ಹಲವು ಕಂಪನಿಗಳ ಕಾರುಗಳು ಮತ್ತೆ ಸ್ವೀಕರಿಸುವುದೂ ಇಲ್ಲ.

ಕಾಯುವುದೋ, ಮೊದಲೇ ಬದಲಿಸುವುದೋ

ಬಟನ್ ಒತ್ತಿದಾಗ ಮಾತ್ರ ಎಚ್ಚರಗೊಳ್ಳುವ ಸಾದಾ ರಿಮೋಟ್‌ನಲ್ಲಿ ಸೆಲ್ ವರ್ಷಗಟ್ಟಲೆ ಬರುತ್ತದೆ, ಲಕ್ಷಣ ಕಾಣಿಸಿದ ಮೇಲೆ ಬದಲಿಸಿದರೂ ಸಾಕು. ಜೇಬಿನಲ್ಲಿದ್ದರೇ ಬಾಗಿಲು ತೆರೆಯುವ ಸ್ಮಾರ್ಟ್ ಕೀ ಹಾಗಲ್ಲ. ಅದು ಹಗಲೂ ರಾತ್ರಿ ಕಾರಿನ ಸಂಕೇತಕ್ಕೆ, ಹೆಚ್ಚಾಗಿ 125 ಕಿಲೋಹರ್ಟ್ಸ್ ಆಸುಪಾಸಿನದ್ದು, ಕಿವಿಗೊಟ್ಟು ಕೂತಿರುತ್ತದೆ. ಟೊಯೋಟಾದ ಕೈಪಿಡಿಗಳಲ್ಲಿ ಸ್ಮಾರ್ಟ್ ಕೀಯ ಸೆಲ್‌ಗೆ ಹೇಳಿರುವ ಬಾಳಿಕೆ 1ರಿಂದ 2 ವರ್ಷ. ಇಂಥ ಕೀಗೆ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ಬಂದ ವಾರವೇ ಬದಲಿಸಿ. ದೂರದ ಪ್ರಯಾಣವಿದ್ದರೆ ಎಚ್ಚರಿಕೆಗೂ ಕಾಯಬೇಡಿ. ಬದಲಿಸಿದ ತಿಂಗಳು, ವರ್ಷವನ್ನು ಸಣ್ಣ ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ.

ಇಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಕಾರಿಗೆ ತಾಗಿದ ಗೋಡೆಯ ಮೊಳೆಗೆ ಕೀ ನೇತುಹಾಕಿದರೆ ಕಾರೂ ಕೀಯೂ ರಾತ್ರಿಯಿಡೀ ಮಾತಾಡಿಕೊಳ್ಳಬಹುದು. ಟಿವಿ, ಕಂಪ್ಯೂಟರ್, ವೈರ್‌ಲೆಸ್ ಚಾರ್ಜರ್ ಪಕ್ಕದಲ್ಲಿ ಇಟ್ಟರೂ ಅವುಗಳ ಅಲೆಗೆ ಕೀ ಸುಮ್ಮನೆ ಎಚ್ಚರವಾಗುತ್ತಿರುತ್ತದೆ. ತಿಂಗಳುಗಟ್ಟಲೆ ಮುಟ್ಟದ ಎರಡನೆಯ ಕೀಗೆ ಟೊಯೋಟಾದ ಹಲವು ಮಾದರಿಗಳಲ್ಲಿ ಉಳಿತಾಯದ ವ್ಯವಸ್ಥೆ ಇದೆ: ಲಾಕ್ ಬಟನ್ ಒತ್ತಿ ಹಿಡಿದು ಅನ್‌ಲಾಕ್ ಬಟನ್ ಎರಡು ಸಲ ಒತ್ತಿದರೆ ಕೀಯ ದೀಪ ನಾಲ್ಕು ಸಲ ಮಿನುಗಿ ಕೀ ನಿದ್ದೆಗೆ ಜಾರುತ್ತದೆ. ಮತ್ತೆ ಯಾವುದಾದರೂ ಬಟನ್ ಒತ್ತಿದರೆ ಏಳುತ್ತದೆ. ಅಲುಗಾಡದೆ ಬಿದ್ದಿದ್ದರೆ ತಾನಾಗಿಯೇ ಮಲಗುವ ಕೀಗಳನ್ನು ಈಚೆಗೆ ಕೆಲವು ಕಂಪನಿಗಳು ತಂದಿವೆ. ಕೀಯ ಸಂಕೇತವನ್ನು ದೂರದಿಂದ ಹಿಗ್ಗಿಸಿ ಕಾರು ಕದಿಯುವವರನ್ನು ತಡೆಯಲೆಂದು ಮಾಡಿದ್ದು ಅದು, ಸೆಲ್ ಉಳಿಯುವುದು ಜೊತೆಗೆ ಸಿಕ್ಕ ಲಾಭ.

ತೆಗೆದ ಹಳೆಯ ಸೆಲ್

ಕೆಲಸ ಮುಗಿಯಿತೆಂದು ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಟ್ಟು ಏಳಬೇಡಿ. ಮಗು ನುಂಗಿದರೆ 20 ಮಿಲಿಮೀಟರ್‌ನ ಈ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು. ಅಲ್ಲಿನ ತೇವದಲ್ಲಿ ಕರೆಂಟು ಹರಿದು ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೇ ತೀವ್ರ ಸುಟ್ಟಗಾಯ ಆಗಬಹುದು. ಕೀ ನಡೆಸಲಾರದ ಸೆಲ್‌ನಲ್ಲೂ ಅಷ್ಟು ಕರೆಂಟು ಉಳಿದೇ ಇರುತ್ತದೆ. ಬಟನ್ ಸೆಲ್ ಇರುವ ಮನೆಬಳಕೆಯ ವಸ್ತುಗಳನ್ನು ಮಕ್ಕಳು ಬಿಚ್ಚಲಾಗದಂತೆ ಮಾಡಬೇಕೆಂದು ಅಮೆರಿಕ 2022ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿತು. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಓಡಿ. ಸೆಲ್‌ನ ಪ್ಯಾಕ್ ಜೊತೆಗಿರಲಿ, ಸಂಖ್ಯೆ ವೈದ್ಯರಿಗೆ ಬೇಕಾಗುತ್ತದೆ.

ಎರಡೂ ಮುಖಗಳಿಗೆ ಟೇಪ್ ಅಂಟಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡುವವರೆಗೆ ಮುಚ್ಚಳವಿರುವ ಡಬ್ಬಿಯಲ್ಲಿ ಇಡಿ. ಮನೆಯ ಕಸದ ಬುಟ್ಟಿಗೆ ಬೇಡ, ಬೆಂಕಿಗಂತೂ ಬೇಡವೇ ಬೇಡ. ಪ್ಯಾಕ್‌ನಲ್ಲಿ ಉಳಿದ ಇನ್ನೊಂದು ಹೊಸ ಸೆಲ್ಲನ್ನು ಅದರ ಗುಳ್ಳೆಯಿಂದ ಬಿಡಿಸದೆ, ಎರಡನೆಯ ಕೀಯ ಜೊತೆಗೆ, ಮಕ್ಕಳ ಕೈಗೆಟುಕದ ಕಪಾಟಿನಲ್ಲಿ ಇಟ್ಟುಬಿಡಿ.